ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ

ಬಿಡಿಎಸ್ ಮುಗಿಸಿ ಅಮೆರಿಕದ ಕಡೆ ಮುಖ ಮಾಡಿದವರು ಎಚ್‌ಒಡಿ ಕೊಠಡಿಯ ಬಾಗಿಲಲ್ಲಿ ನಿಂತು ‘ಸರ್, ಒಂದು ಎಲ್‌ಒಆರ್ ಬೇಕಿತ್ತು’ ಎಂದು ಶಿಫಾರಸು ಪತ್ರ ಕೇಳಿದರೆ ಒಳಗಿನಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ.’ ಇದನ್ನು ಉದಾಸೀನ ಎನ್ನಲಾಗದು. ಹೊರಗೆ ಒಪಿಡಿಯ ಸಾಲು, ಮೇಜಿನ ಮೇಲೆ ಪಿಜಿಗಳ ಥೀಸಿಸ್, ನಾಳೆ ಪ್ರಾಕ್ಟಿಕಲ್ ಪರೀಕ್ಷೆ. ಅದರ ನಡುವೆ ಮೇಷ್ಟ್ರಿಗೆ ತೋರಿಸಲು ಸಾಧ್ಯವಾದ ಅಕ್ಕರೆಯೇ ಅದು. ತೊಡಕು ಶುರುವಾಗುವುದು ಆ ಕಾಗದ ಸಮುದ್ರ ದಾಟಿದ ಮೇಲೆ.

ನಮ್ಮಲ್ಲಿ ದಂತ ವೈದ್ಯಕೀಯದ ಸೀಟಿಗೆ ಯಾರ ಪತ್ರವೂ ಬೇಡ. ನೀಟ್ ರ್‍ಯಾಂಕ್ ಬಂತು, ಕೆಇಎ ಕೌನ್ಸೆಲಿಂಗ್ ಆಯಿತು, ಶುಲ್ಕ ಕಟ್ಟಿದ್ದಾಯಿತು, ಸೀಟು ಸಿಕ್ಕಿತು. ಹುಡುಗ ಎಂಥವನು, ಅವನನ್ನು ಬಲ್ಲವರು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಮಗೆ ಅನುಮಾನ ಬರುತ್ತದೆ. ‘ಶಿಫಾರಸು ಹಿಡ್ಕೊಂಡು ಬಂದವನು’ ಎಂದರೆ ಕನ್ನಡದಲ್ಲಿ ಅರ್ಥ ಸ್ಪಷ್ಟ: ಯೋಗ್ಯತೆ ಸಾಲದೆ ವಶೀಲಿಯಿಂದ ನುಗ್ಗಿದವನು. ಆ ಮಾತಿನ ವಾಸನೆ ಮೂಗಲ್ಲಿ ಇಟ್ಟುಕೊಂಡೇ ನಮ್ಮವರು ಅಮೆರಿಕದ ಅರ್ಜಿ ತೆರೆಯುತ್ತಾರೆ. ದೊಡ್ಡ ಹುದ್ದೆಯವರ ಸಹಿ ಇದ್ದಷ್ಟೂ ಒಳ್ಳೆಯದೆಂದು ಹೊರಡುತ್ತಾರೆ. ಅಲ್ಲಿನ ಅರ್ಜಿ ವ್ಯವಸ್ಥೆ ಮಾತ್ರ ಇದನ್ನು ಶಿಫಾರಸು ಎಂದು ಕರೆಯುವುದೇ ಇಲ್ಲ. ಅದು ಬಳಸುವ ಪದ ಮೌಲ್ಯಮಾಪನ ಪತ್ರ. ಬರೆಯುವವರು ಮೌಲ್ಯಮಾಪಕರು.

ಅಲ್ಲಿಗೆ ಹೋಗಲು ಎರಡು ಬಾಗಿಲುಗಳಿವೆ. ಅಮೆರಿಕದಲ್ಲೇ ಓದಿ ಬೆಳೆದವರು ಮೊದಲು ನಾಲ್ಕು ವರ್ಷದ ಪದವಿ ಮಾಡಿ, ಡ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು, ಆಮೇಲೆ ನಾಲ್ಕು ವರ್ಷದ ದಂತ ವೈದ್ಯಕೀಯಕ್ಕೆ ಸೇರುತ್ತಾರೆ. ಅಲ್ಲಿನ 70ಕ್ಕೂ ಹೆಚ್ಚು ದಂತ ಕಾಲೇಜುಗಳಲ್ಲಿ ಬಹುಪಾಲಿಗೆ ಅರ್ಜಿ ಹೋಗುವುದು ‘ಆಡ್ಸಾಸ್’ ಎಂಬ ಒಂದೇ ಕೇಂದ್ರೀಕೃತ ವ್ಯವಸ್ಥೆಯ ಮೂಲಕ. ಬೇರೆ ದೇಶದಲ್ಲಿ ಆಗಲೇ ದಂತವೈದ್ಯರಾದವರಿಗೆ ಇನ್ನೊಂದು ವ್ಯವಸ್ಥೆ, ‘ಕ್ಯಾಪಿಡ್’. ಕರ್ನಾಟಕದ ಬಿಡಿಎಸ್ ಪದವೀಧರರಿಗೆ ಬೇಕಾದದ್ದು ಈ ಎರಡನೆಯದು. ಇದರ ಮೂಲಕ ಸೇರುವ ಕೋರ್ಸುಗಳು ಸಾಮಾನ್ಯವಾಗಿ ಎರಡರಿಂದ ಮೂರು ವರ್ಷದವು. ನ್ಯೂಯಾರ್ಕ್ ವಿಶ್ವವಿದ್ಯಾಲಯದ್ದು ಮೂರು ವರ್ಷ, ಸ್ಯಾನ್‌ಫ್ರಾನ್ಸಿಸ್ಕೋದ ಪೆಸಿಫಿಕ್ ವಿಶ್ವವಿದ್ಯಾಲಯದ್ದು ಎರಡು ವರ್ಷ.

ಮೊದಲನೆಯ ಬಾಗಿಲಿನ ಲೆಕ್ಕ ಸರಳ. ಆಡ್ಸಾಸ್‌ನಲ್ಲಿ ನಾಲ್ಕು ಪತ್ರಗಳವರೆಗೆ ಜಾಗವಿದೆ. ಬಹಳಷ್ಟು ಕಾಲೇಜುಗಳು ಕೇಳುವುದು ವಿಜ್ಞಾನ ಕಲಿಸಿದ ಇಬ್ಬರು ಪ್ರಾಧ್ಯಾಪಕರ ಪತ್ರ ಮತ್ತು ಒಬ್ಬ ದಂತವೈದ್ಯರ ಪತ್ರ. ವಿಜ್ಞಾನ ಎಂದರೆ ಇಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ. ಮನಶ್ಶಾಸ್ತ್ರದ ಮೇಷ್ಟ್ರು ಎಷ್ಟೇ ಹೊಗಳಿ ಬರೆದರೂ ಈ ಲೆಕ್ಕಕ್ಕೆ ಅದು ಎಲ್ಲ ಕಡೆ ಸಲ್ಲುವುದಿಲ್ಲ. ಕೆಲವು ಪದವಿ ಕಾಲೇಜುಗಳಲ್ಲಿ ವೈದ್ಯಕೀಯ ವೃತ್ತಿಗಳಿಗೆ ಹೊರಟವರಿಗಾಗಿಯೇ ಒಂದು ಸಮಿತಿ ಇರುತ್ತದೆ. ಅದು ವಿದ್ಯಾರ್ಥಿಯನ್ನು ಸಂದರ್ಶಿಸಿ, ಮೇಷ್ಟ್ರುಗಳ ಅಭಿಪ್ರಾಯ ಕೂಡಿಸಿ ಒಂದೇ ಪತ್ರ ಕೊಡುತ್ತದೆ. ಅಂಥ ಪತ್ರವಿದ್ದರೆ ಬಿಡಿ ಪತ್ರಗಳ ಅಗತ್ಯ ಎಷ್ಟೋ ಕಡೆ ಕಡಿಮೆಯಾಗುತ್ತದೆ. ದಂತವೈದ್ಯರ ಪತ್ರಕ್ಕೆ ದಾರಿ ಅವರ ಕ್ಲಿನಿಕ್ಕಿನಲ್ಲಿ ಪಕ್ಕಕ್ಕೆ ನಿಂತು ಕೆಲಸ ನೋಡುವುದು. ಇದಕ್ಕೆ ಶ್ಯಾಡೋಯಿಂಗ್ ಎನ್ನುತ್ತಾರೆ. ಹೀಗೆ ಸುಮಾರು 100 ಗಂಟೆ ಕಳೆದಿರಬೇಕೆಂದು ಹಲವು ಕಾಲೇಜುಗಳು ಬಯಸುತ್ತವೆ. ಅಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಅಪ್ಪನೋ ಚಿಕ್ಕಮ್ಮನೋ ದಂತವೈದ್ಯರಾಗಿದ್ದರೆ ‘ಮನೆಯಲ್ಲೇ ಆಯಿತಲ್ಲ’ ಎನಿಸುವುದು ಸಹಜ. ಆದರೆ ನೆಂಟರ ಪತ್ರವನ್ನು ಕಾಲೇಜುಗಳು ಪತ್ರವೆಂದು ಎಣಿಸುವುದು ಅಪರೂಪ.

ಮುನ್ನೂರು ಜನ ಕೂರುವ ರಸಾಯನಶಾಸ್ತ್ರದ ತರಗತಿಯಲ್ಲಿ ಪ್ರಾಧ್ಯಾಪಕರಿಗೆ ಒಬ್ಬ ಹುಡುಗಿಯ ಮುಖ ನೆನಪಿರುವುದಾದರೂ ಹೇಗೆ? ಅದಕ್ಕೇ ಅಲ್ಲಿನ ಮಕ್ಕಳು ಎರಡನೆಯ ವರ್ಷದಿಂದಲೇ ಪ್ರಾಧ್ಯಾಪಕರು ಭೇಟಿಗೆಂದು ಗೊತ್ತುಮಾಡಿದ ಹೊತ್ತಿನಲ್ಲಿ ಹೋಗಿ ಪ್ರಶ್ನೆ ಕೇಳುತ್ತಾರೆ, ಪ್ರಯೋಗಾಲಯದಲ್ಲಿ ಸಹಾಯಕ್ಕೆ ನಿಲ್ಲುತ್ತಾರೆ. ಸ್ವಲ್ಪ ಲೆಕ್ಕಾಚಾರದ ನಡೆಯೇ, ಒಪ್ಪಬೇಕು. ಆದರೂ ಹಾಗೆ ಹೋಗಿ ಹೋಗಿ ವಿಷಯದಲ್ಲಿ ನಿಜವಾದ ರುಚಿ ಹತ್ತಿಸಿಕೊಂಡವರೂ ಇರುತ್ತಾರೆ.

ಮೇಷ್ಟ್ರಿಗೆ ಹತ್ತಿರದಿಂದ ಪರಿಚಯವಾಗುವ ಈ ಅನುಕೂಲ ಕರ್ನಾಟಕದ ಬಿಡಿಎಸ್ ವಿದ್ಯಾರ್ಥಿಗೆ ಕೇಳದೆಯೇ ಸಿಕ್ಕಿರುತ್ತದೆ. ಅದರ ಬೆಲೆ ಅವರಿಗೇ ಗೊತ್ತಿರುವುದಿಲ್ಲ. ಐದು ವರ್ಷದ ಕೋರ್ಸಿನಲ್ಲಿ ಕಡೆಯ ವರ್ಷಗಳೆಲ್ಲ ಪೋಸ್ಟಿಂಗ್‌ಗಳೇ: ಪ್ರಾಸ್ತೊ, ಪೆರಿಯೊ, ಪೀಡೊ, ಓರಲ್ ಸರ್ಜರಿ. ಕೇಸುಗಳ ಕೋಟಾ ಮುಗಿಸುವ ಧಾವಂತದಲ್ಲಿ ಮೇಷ್ಟ್ರು ದಿನವೂ ಹೆಗಲ ಮೇಲಿಂದ ಬಗ್ಗಿ ನೋಡಿರುತ್ತಾರೆ. ದಂತಭಾಗ್ಯ ಯೋಜನೆಯಡಿ ಹಲ್ಲುಸೆಟ್ಟಿಗೆ ಬಂದ ಅಜ್ಜನ ಕೆಳದವಡೆಯ ಅಚ್ಚು ಸರಿ ಬರಲಿಲ್ಲವೆಂದು ವಿದ್ಯಾರ್ಥಿನಿ ತಾನಾಗಿಯೇ ಮತ್ತೆ ಅಚ್ಚು ತೆಗೆದಳು ಎಂದಿಟ್ಟುಕೊಳ್ಳಿ. ಸೆಟ್ ಕೊಟ್ಟ ಮೇಲೆ ವಸಡು ಒತ್ತುತ್ತದೆಂದು ಅಜ್ಜ ಮೂರು ಸಲ ಬಂದರು, ಮೂರು ಸಲವೂ ಅವಳು ಮುಖ ಸಿಂಡರಿಸದೆ ಉಜ್ಜಿ ಸರಿಮಾಡಿದಳು. ಇದು ಅಂಕಪಟ್ಟಿಯಲ್ಲಿ ಇರುವುದಿಲ್ಲ. ಅಮೆರಿಕದ ಆಯ್ಕೆ ಸಮಿತಿಗೆ ಬೇಕಾಗಿರುವುದು ಇದೇ. ಅದನ್ನು ಹೇಳಬಲ್ಲವರು ಪಕ್ಕದಲ್ಲಿ ನಿಂತು ನೋಡಿದ ರೀಡರ್ ಆಗಿರಬಹುದು, ಸೀನಿಯರ್ ಲೆಕ್ಚರರ್ ಆಗಿರಬಹುದು. ಅವಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಮಾತ್ರ ಕಂಡ ದೊಡ್ಡವರ ಲೆಟರ್‌ಹೆಡ್ಡಿಗಿಂತ ಇವರ ಅರ್ಧ ಪುಟ ಮೇಲು.

ಆದರೆ ನಡೆಯುವುದು ಬೇರೆ. ಶಾಲೆಯ ನಡತೆ ಪ್ರಮಾಣಪತ್ರದ ಧಾಟಿ ನಮ್ಮ ಕೈಯಿಂದ ಹೋಗಿಲ್ಲ: ಶ್ರಮಜೀವಿ, ಶಿಸ್ತಿನವಳು, ನಡತೆ ತೃಪ್ತಿಕರ, ಉಜ್ವಲ ಭವಿಷ್ಯ ಹಾರೈಸುತ್ತೇನೆ. ‘ನೀನೇ ಬರ್ಕೊಂಡು ಬಾ’ ಎಂದಾಗ ವಿದ್ಯಾರ್ಥಿ ಒಂದೇ ರಾತ್ರಿಯಲ್ಲಿ ಮೂವರು ಮೇಷ್ಟ್ರ ಪರವಾಗಿ ಮೂರು ಪತ್ರ ಬರೆಯುತ್ತಾನೆ. ಮೂರರಲ್ಲೂ ಅದೇ ವಿಶೇಷಣ, ಅದೇ ಅಲ್ಪವಿರಾಮದ ತಪ್ಪು. ದಿನಕ್ಕೆ ಹತ್ತಾರು ಕಡತ ಓದುವವರಿಗೆ ಅದು ತಿಳಿಯಲು ಎಷ್ಟು ಹೊತ್ತು ಬೇಕು? ಪತ್ರ ಬರೆದವರೇ ಬೇರೆ ಎಂದು ಗೊತ್ತಾದರೆ ಅರ್ಜಿದಾರನ ಪ್ರಾಮಾಣಿಕತೆಯೇ ಪ್ರಶ್ನೆಗೆ ಬೀಳುತ್ತದೆ. ಇದಕ್ಕೆ ಮರ್ಯಾದೆಯ ಉಪಾಯವೂ ಇದೆ. ಪತ್ರದ ಕರಡಿನ ಬದಲು ಎರಡು ಪುಟದ ಟಿಪ್ಪಣಿ ಕೊಡುವುದು: ಯಾವ ವರ್ಷ ಯಾವ ಪೋಸ್ಟಿಂಗ್, ನೆನಪಿನಲ್ಲಿ ಉಳಿದ ಎರಡು ಕೇಸು, ಹೋದ ಶಿಬಿರಗಳು, ಅಂಕಪಟ್ಟಿಯ ಪ್ರತಿ, ಅರ್ಜಿಯ ಕೊನೆಯ ದಿನಾಂಕ. ‘ಸರ್, ನನ್ನ ಬಗ್ಗೆ ನಿಮಗೆ ಒಳ್ಳೆಯದು ಬರೆಯುವಷ್ಟು ಗೊತ್ತಿದೆ ಅನ್ಸತ್ತಾ?’ ಎಂದು ಕೇಳಿಬಿಡುವುದೂ ಒಳ್ಳೆಯದೇ. ಮೇಷ್ಟ್ರು ತಡವರಿಸಿದರೆ ಇನ್ನೊಬ್ಬರ ಬಾಗಿಲು ತಟ್ಟಲು ಇನ್ನೂ ಸಮಯವಿರುತ್ತದೆ.

ಕ್ಯಾಪಿಡ್‌ನಲ್ಲಿ ಎಷ್ಟು ಪತ್ರ, ಯಾರ ಪತ್ರ ಎನ್ನುವುದು ಒಂದೊಂದು ಕಾಲೇಜಿಗೆ ಒಂದೊಂದು ಥರ. ಹಾಗಾಗಿ ಆರಿಸಿಕೊಂಡ ಪ್ರತಿ ಕಾಲೇಜಿನ ಪಟ್ಟಿಯನ್ನೂ ಬೇರೆ ಬೇರೆಯಾಗಿ ಓದಬೇಕು. ಹಲವು ಕಡೆ ‘ಡೀನ್ ಪತ್ರ’ ಎಂಬುದನ್ನು ಬೇರೆಯಾಗಿಯೇ ಕೇಳುತ್ತಾರೆ. ನಮ್ಮವರು ಗಲಿಬಿಲಿಗೊಳ್ಳುವುದು ಇಲ್ಲೇ. ಕರ್ನಾಟಕದ ಹೆಚ್ಚಿನ ದಂತ ಕಾಲೇಜುಗಳು 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಪದವಿ ಕೊಡುವುದು ವಿಶ್ವವಿದ್ಯಾಲಯ, ಕಲಿಸುವುದು ಕಾಲೇಜು. ಡೀನ್ ಯಾರು ಹಾಗಾದರೆ? ಜಯನಗರದ ವಿಶ್ವವಿದ್ಯಾಲಯ ಕಚೇರಿಗೆ ಅಲೆಯಬೇಕಿಲ್ಲ. ಓದಿದ ಕಾಲೇಜಿನ ಪ್ರಾಂಶುಪಾಲರೇ ಆ ಸ್ಥಾನದಲ್ಲಿರುವವರು. ಈ ಪತ್ರದಲ್ಲಿ ಭಾವನೆಗಿಂತ ದಾಖಲೆಗೆ ಜಾಗ: ಓದಿದ ಅವಧಿ, ಇಂಟರ್ನ್‌ಶಿಪ್ ಮುಗಿದದ್ದು, ಶಿಸ್ತುಕ್ರಮ ಇತ್ತೋ ಇಲ್ಲವೋ.

ಪತ್ರವನ್ನು ಲಕೋಟೆಯಲ್ಲಿ ಹಾಕಿ ಅರ್ಜಿದಾರನೇ ಒಯ್ಯುವ ಕಾಲ ಹೋಗಿದೆ. ಅರ್ಜಿಯಲ್ಲಿ ಮೇಷ್ಟ್ರ ಹೆಸರು, ಇ-ಮೇಲ್ ತುಂಬಿದರೆ ಅವರಿಗೆ ನೇರವಾಗಿ ಕೊಂಡಿ ಹೋಗುತ್ತದೆ. ಅವರೇ ಅಪ್‌ಲೋಡ್ ಮಾಡಬೇಕು. ಆ ಸಂದೇಶ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಮಲಗುವುದು ತೀರಾ ಸಾಮಾನ್ಯ. ‘ಸರ್, ಮೇಲ್ ಬಂತಾ?’ ಎಂದು ಒಂದು ವಾಟ್ಸ್ಯಾಪ್ ಹಾಕಲು ಸಂಕೋಚಪಟ್ಟು ವರ್ಷ ಕಳೆದುಕೊಳ್ಳಬಾರದು. ನಮ್ಮ ಮೇಷ್ಟ್ರುಗಳಲ್ಲಿ ಅನೇಕರು ಬಳಸುವುದು ಜಿಮೇಲ್. ಕಾಲೇಜಿನ ಅಧಿಕೃತ ವಿಳಾಸವಿದ್ದರೆ ಅದನ್ನೇ ಕೊಡುವುದು ಲೇಸು, ಪತ್ರ ನಿಜವಾಗಿ ಅವರದ್ದೇ ಎನ್ನುವುದಕ್ಕೆ ಅದೊಂದು ಆಧಾರ. ಲೆಟರ್‌ಹೆಡ್, ದಿನಾಂಕ, ಸಹಿ ಮೂರೂ ಇರಲಿ. ಅನೇಕ ಕಾಲೇಜುಗಳು ಅರ್ಜಿಗಳನ್ನು ಬಂದ ಹಾಗೇ ನೋಡುತ್ತಾ ಹೋಗುವುದರಿಂದ, ಪತ್ರ ತಡವಾದ ಅರ್ಜಿ ಒಳ್ಳೆಯ ಅಂಕವಿದ್ದರೂ ಮೂಲೆಯಲ್ಲಿ ಕಾಯುತ್ತದೆ.

ಅರ್ಜಿಯಲ್ಲಿ ಒಂದು ಸಣ್ಣ ಚೌಕವಿದೆ: ಈ ಪತ್ರ ಓದುವ ಹಕ್ಕನ್ನು ಬಿಟ್ಟುಕೊಡುತ್ತೀರಾ? 1974ರ ಅಮೆರಿಕದ ಕಾನೂನೊಂದು ವಿದ್ಯಾರ್ಥಿಗೆ ತನ್ನ ಶೈಕ್ಷಣಿಕ ದಾಖಲೆ ನೋಡುವ ಹಕ್ಕು ಕೊಟ್ಟಿತು. ಪತ್ರಗಳೂ ಅದರೊಳಗೆ ಬರುತ್ತವೆ. ಹಕ್ಕು ಬಿಡಲೇಬೇಕೆಂಬ ಬಲವಂತವಿಲ್ಲ. ಆದರೂ ಬಹುತೇಕರು ಬಿಡುತ್ತಾರೆ, ವಿದ್ಯಾರ್ಥಿ ಓದಬಹುದೆಂದು ಗೊತ್ತಿದ್ದು ಬರೆದ ಪತ್ರಕ್ಕೆ ಸಮಿತಿ ಅಷ್ಟು ಬೆಲೆ ಕೊಡದು ಎಂಬ ಲೆಕ್ಕದಲ್ಲಿ. ತಾನೇ ಕರಡು ಬರೆದು ಸಹಿ ಹಾಕಿಸಿಕೊಂಡವನು ‘ಈ ಪತ್ರವನ್ನು ನಾನು ನೋಡುವುದಿಲ್ಲ’ ಎಂದು ಆ ಚೌಕಕ್ಕೆ ಗುರುತು ಹಾಕುವುದು ಒಂದು ತಮಾಷೆಯ ದೃಶ್ಯವೇ.

ಮೊದಲ ಸಲ ಸೀಟು ಸಿಗದವರು ತಿಳಿದಿರಬೇಕಾದ ಇನ್ನೊಂದು ಮಾತಿದೆ. ಹೋದ ವರ್ಷದ ಪತ್ರಗಳು ಈ ವರ್ಷದ ಅರ್ಜಿಗೆ ತಾವಾಗಿ ಬರುವುದಿಲ್ಲ, ಮತ್ತೆ ಹೊಸದಾಗಿ ತರಿಸಬೇಕು. ಅಷ್ಟರಲ್ಲಿ ಮೇಷ್ಟ್ರು ನಿವೃತ್ತರಾಗಿ ಕಾಲೇಜಿನ ಇ-ಮೇಲ್ ಮುಚ್ಚಿಹೋಗಿರಬಹುದು, ಬೇರೆ ಕಾಲೇಜಿಗೆ ಹೋಗಿರಬಹುದು. ಅದಕ್ಕೇ ಇಂಟರ್ನ್‌ಶಿಪ್ ಮುಗಿಸಿ ಊರಿಗೆ ಹೊರಡುವಾಗಲೇ ಅವರ ಮನೆಯ ನಂಬರ್ ಬರೆದಿಟ್ಟುಕೊಂಡವರು, ಹಬ್ಬಕ್ಕೊಂದು ಫೋನ್ ಮಾಡಿಕೊಂಡಿದ್ದವರು ಎರಡನೆಯ ಸಲ ಕೇಳುವಾಗ ‘ಯಾವ ಬ್ಯಾಚಮ್ಮಾ ನೀನು?’ ಎಂಬ ಪ್ರಶ್ನೆಯಿಂದ ಶುರು ಮಾಡಬೇಕಾಗುವುದಿಲ್ಲ.