ಯಂತ್ರದ ಭಾಷೆಗೊಂದು ಬಾಲಬೋಧೆ

ಕನ್ನಡ ವ್ಯಾಕರಣವನ್ನು ಕಲಿಸುತ್ತ 32 ವರ್ಷ ಕಳೆದು ನಿವೃತ್ತನಾದ ನನ್ನಂಥವನ ಮುಂದೆ ಕಂಪ್ಯೂಟರಿನ ಪುಸ್ತಕವೊಂದು ತೀರ್ಪಿಗಾಗಿ ಬಂದೀತೆಂದು ನಾನು ಎಣಿಸಿರಲಿಲ್ಲ. ತಂದವಳು ನನ್ನ ತಮ್ಮನ ಮಗಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಡಿಪ್ಲೊಮಾಕ್ಕೆ ಸೇರಿದ್ದಳು. ಪೈಥಾನ್ ಎಂಬ ಭಾಷೆ ಅವಳಿಗೆ ಪಠ್ಯ. ಒಂದು ಸಂಜೆ ಆನೆಕೆರೆಯ ಬದಿಯ ನಮ್ಮ ಮನೆಯ ಜಗಲಿಯಲ್ಲಿ ಪುಸ್ತಕವನ್ನಿಟ್ಟು, "ದೊಡ್ಡಪ್ಪ, ಇದು ನನ್ನ ತಲೆಗೆ ಹೋಗುವುದಿಲ್ಲ. ನಾನು ಕಾಲೇಜು ಬಿಡುತ್ತೇನೆ" ಎಂದಳು.

ಸಂಗತಿ ಇಷ್ಟೇ. ಪುಸ್ತಕದ ಮೊದಲ ಪಾಠದಲ್ಲಿದ್ದ ಒಂದು ಸಾಲನ್ನು ಅಕ್ಷರ ತಪ್ಪದೆ ಒತ್ತಿದ್ದಳು, ಯಂತ್ರ ಒಪ್ಪಲಿಲ್ಲ. ಮೂರು ದಿನ ಅದೇ ಸಾಲು, ಅದೇ ನಿರಾಕರಣೆ. ಇಂಗ್ಲಿಷ್ ಬಾರದವಳಿಗೆ ಹೀಗೆಯೇ ಆಗಬೇಕೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು.

ಆ ಪುಸ್ತಕವನ್ನು ಕೊಡಿಸಿದವನು ನಾನು. ಹಳೆಯ ಪುಸ್ತಕಗಳ ರಾಶಿಯಲ್ಲಿ ಅದು ಎಲ್ಲಕ್ಕಿಂತ ದಪ್ಪನಾಗಿತ್ತು, ಅಗ್ಗವೂ ಆಗಿತ್ತು. ಕೊಟ್ಟ ಹಣಕ್ಕೆ ತೂಕ ಬಂತೆಂದು ಸಂತೋಷಪಟ್ಟು ಕೊಂಡಿದ್ದೆ. ಮಕ್ಕಳಿಗೆ ನಿಘಂಟು ಕೊಡಿಸುವಾಗ ಪುಟಪುಟವನ್ನೂ ತಿರುವಿ ನೋಡುತ್ತಿದ್ದವನು ಇಲ್ಲಿ ಮಾತ್ರ ನನಗೆ ತಿಳಿಯದ ವಿಷಯವೆಂದು ಕಣ್ಣು ಮುಚ್ಚಿಕೊಂಡಿದ್ದೆ.

ಅಂದು ಮೊದಲ ಬಾರಿ ಒಳರಕ್ಷಾಪುಟದ ಹಿಂಬದಿಯನ್ನು ನೋಡಿದೆ. ಮರುಮುದ್ರಣ 2019 ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಮೊದಲ ಆವೃತ್ತಿ 2007. ಮರುಮುದ್ರಣವೆಂದರೆ ಪರಿಷ್ಕರಣವಲ್ಲವೆಂಬುದು ಪಠ್ಯಪುಸ್ತಕಗಳ ನಡುವೆ ಮುದುಕನಾದವನಿಗೆ ಗೊತ್ತಿರಬೇಡವೆ! ಪೈಥಾನಿನ ಮೂರನೆಯ ರೂಪ ಹೊರಬಂದದ್ದು 2008ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲು 'ಪ್ರಿಂಟ್' ಎಂದು ಬರೆದು ಮಾತನ್ನು ಹಾಗೆಯೇ ಮುಂದಿಟ್ಟರೆ ಸಾಕಾಗುತ್ತಿತ್ತು; ಆಮೇಲೆ ಆ ಮಾತನ್ನು ಕಂಸದೊಳಗೆ ಇಡಬೇಕಾಯಿತು. ಎರಡನೆಯ ರೂಪದ ಪೋಷಣೆಯೂ 2020ರ ಜನವರಿ 1ಕ್ಕೆ ನಿಂತುಹೋಯಿತು. ಹಳಗನ್ನಡದ ಬಾಲಬೋಧೆ ಹಿಡಿದು ಕಾರ್ಕಳದ ಪೇಟೆಗೆ ತರಕಾರಿ ಕೊಳ್ಳಲು ಹೋದವಳ ಅವಸ್ಥೆ ನಮ್ಮ ಹುಡುಗಿಯದಾಗಿತ್ತು.

ಇನ್ನೂ ನೋವಿನ ಮಾತೆಂದರೆ, ಕಂಸ ಬಿಟ್ಟುಹೋಗಿದೆಯೆಂದು ಯಂತ್ರವೇ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿತ್ತು. ಕೆಂಪಕ್ಷರ ಕಂಡೊಡನೆ ಅವಳು ಹೆದರಿ ಓದಿರಲಿಲ್ಲ. ಓದಬೇಕೆಂದು ಆ ದಪ್ಪ ಪುಸ್ತಕವೂ ಹೇಳಿರಲಿಲ್ಲ. ಅದರಲ್ಲಿದ್ದ ಪ್ರೋಗ್ರಾಮುಗಳೆಲ್ಲ ಸರಿಯಾದವೇ. ತಪ್ಪು ಪ್ರಯೋಗವನ್ನು ತೋರಿಸದ ವ್ಯಾಕರಣದಿಂದ ಯಾವ ವಿದ್ಯಾರ್ಥಿ ತಾನೆ ಕಲಿತಾನು?

ಹೊಸ ಪುಸ್ತಕಕ್ಕಾಗಿ ಹುಡುಕಿದೆವು. ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನೆರೆಮನೆಯ ಹುಡುಗ, ಮೊದಲು 'ಸಿ' ಭಾಷೆಯನ್ನು ಕಲಿಯಲಿ ಎಂದು ಕರ್ನಿಹನ್ ಮತ್ತು ರಿಚಿ ಬರೆದ ಪುಸ್ತಕವನ್ನು ತಂದುಕೊಟ್ಟ. 1978ರಲ್ಲಿ ಹುಟ್ಟಿ 1988ರಲ್ಲಿ ಪರಿಷ್ಕಾರಗೊಂಡ ಕೃತಿ. 300 ಪುಟವೂ ಇಲ್ಲ. ನಾಲ್ಕಾರು ಪುಟ ಓದುವಷ್ಟರಲ್ಲಿ ನನಗೆ ಕೇಶಿರಾಜನ ನೆನಪಾಯಿತು. ಶಬ್ದಮಣಿದರ್ಪಣದಲ್ಲಿರುವಂಥ ಬಿಗಿ, ಅಂಥದೇ ಮಿತವಾಕ್ಕು. ಆದರೆ ಕೇಶಿರಾಜನನ್ನು ಒಂದನೆಯ ತರಗತಿಯ ಕೂಸಿನ ಕೈಗೆ ಕೊಡುವವರುಂಟೆ? ತಮ್ಮದು ಆರಂಭಿಕರ ಕೈಪಿಡಿಯಲ್ಲವೆಂದು ಗ್ರಂಥಕರ್ತರೇ ಮುನ್ನುಡಿಯಲ್ಲಿ ಸೂಚಿಸಿದ್ದಾರೆ. ಮುನ್ನುಡಿಯನ್ನು ಓದುವವರು ಕಡಿಮೆ. ಅದರ ಮೊದಮೊದಲ ಉದಾಹರಣೆಗಳಲ್ಲೊಂದು ಫ್ಯಾರನ್‌ಹೀಟನ್ನು ಸೆಲ್ಸಿಯಸ್ಸಿಗೆ ತಿರುಗಿಸುವ ಕೋಷ್ಟಕ. ನಮ್ಮ ಕಡೆ ಜ್ವರ ಬಂದಾಗಲ್ಲದೆ ಫ್ಯಾರನ್‌ಹೀಟಿನ ಹೆಸರೆತ್ತುವವರಿಲ್ಲ.

ಕೊನೆಗೆ ಸಿಕ್ಕಿದ್ದು ಅಮೆರಿಕದ ಪ್ರಾಧ್ಯಾಪಕ ಆಲನ್ ಡೌನಿಯವರ 'ಥಿಂಕ್ ಪೈಥಾನ್'. ಆ ಪುಸ್ತಕ ಹುಟ್ಟಿದ ಬಗೆಯನ್ನು ಅಧ್ಯಾಪಕರಾದವರು ತಿಳಿಯುವುದು ಒಳ್ಳೆಯದು. 1999ರಲ್ಲಿ ಡೌನಿ ಜಾವಾ ಎಂಬ ಬೇರೊಂದು ಭಾಷೆಯನ್ನು ಕಲಿಸುತ್ತಿದ್ದರು. ಪಠ್ಯಪುಸ್ತಕಗಳ ಗಾತ್ರಕ್ಕೆ ಬೇಸತ್ತು, 13 ದಿನಗಳಲ್ಲಿ 13 ಸಣ್ಣ ಅಧ್ಯಾಯಗಳನ್ನು ತಾವೇ ಬರೆದು, ಯಾರು ಬೇಕಾದರೂ ತಿದ್ದಿ ಹಂಚಬಹುದೆಂದು ಲೋಕಕ್ಕೆ ಒಪ್ಪಿಸಿದರು. ವರ್ಜೀನಿಯಾದ ಹೈಸ್ಕೂಲ್ ಅಧ್ಯಾಪಕ ಜೆಫ್ ಎಲ್ಕ್ನರ್ ಅದನ್ನು ಪೈಥಾನಿಗೆ ಅಳವಡಿಸಿದರು. ಆಗ ಡೌನಿಯವರಿಗೆ ಪೈಥಾನ್ ಬರುತ್ತಿರಲಿಲ್ಲ. ತಮ್ಮದೇ ಪುಸ್ತಕವನ್ನು ಪರರ ಕೈಬರಹದಲ್ಲೆಂಬಂತೆ ಓದಿ ಆ ಭಾಷೆಯನ್ನು ಕಲಿತರು! 2012ರ ಆವೃತ್ತಿ ಹಳೆಯ ರೂಪಕ್ಕೆ ಸೇರಿದ್ದು. 2015ರ ಎರಡನೆಯ ಆವೃತ್ತಿಯಲ್ಲಿ ಹೊಸ ರೂಪವಿದೆ. ಈ ಸಲ ನಾನು ಮೊದಲು ನೋಡಿದ್ದು ಇಸವಿಯನ್ನು. ಆಮೇಲೆ ಅಧ್ಯಾಯಗಳ ಕೊನೆಯನ್ನು. ಅಲ್ಲಿ ತಪ್ಪುಗಳನ್ನು ಹುಡುಕಿ ತಿದ್ದುವ ಬಗೆ, ಪದಗಳ ಅರ್ಥ, ಅಭ್ಯಾಸ ಎಲ್ಲವೂ ಇದ್ದುವು. ಕೊಳ್ಳುವ ಮುನ್ನ ಮೊದಲ ಸಾಲನ್ನು ಅವಳಿಂದಲೇ ಒತ್ತಿಸಿದೆ. ಯಂತ್ರ ಉತ್ತರ ಕೊಟ್ಟಿತು.

ಇಂಗ್ಲಿಷಿನ ತೊಡಕು ಹಾಗೆಯೇ ಉಳಿಯಿತು. ಕನ್ನಡದಲ್ಲಿ ಇಂಥ ಬಾಲಬೋಧೆ ನಮ್ಮ ಪೇಟೆಯ ಅಂಗಡಿಗಳಲ್ಲಿ ನನಗೆ ದೊರೆಯಲಿಲ್ಲ. ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನೇ ಸಂಸ್ಕೃತದಲ್ಲಿ ಬರೆದವನಾದ್ದರಿಂದ, ಒಂದು ಭಾಷೆಯ ಕೈಹಿಡಿದು ಇನ್ನೊಂದಕ್ಕೆ ದಾಟುವ ಕಷ್ಟ ನಮಗೆ ಹೊಸತಲ್ಲವೆಂದು ಸಮಾಧಾನ ಹೇಳಿದೆ. ದಿನಕ್ಕೆ ಎರಡೇ ಪುಟ, ನಡುವೆ ನಿಘಂಟು, ಅಂಚಿನಲ್ಲಿ ಅವಳ ಕನ್ನಡ ಟಿಪ್ಪಣಿ. ಪೈಥಾನ್ ತನಗಾಗಿ ಕಾದಿರಿಸಿಕೊಂಡ ಪದಗಳು 35, ನಮ್ಮ ವರ್ಣಮಾಲೆಗಿಂತ ಕಡಿಮೆ ಎಂದು ಎಣಿಸಿ ತೋರಿಸಿದಾಗ ಅವಳ ಮುಖ ಸ್ವಲ್ಪ ಅರಳಿತು. ಉಳಿದ ಹೆಸರುಗಳನ್ನು ನಾವೇ ಇಡಬಹುದು, ಕನ್ನಡ ಲಿಪಿಯಲ್ಲಿಯೂ ಇಡಬಹುದು ಎಂಬುದನ್ನು ಮಾತ್ರ ಅವಳೇ ಕಂಡುಹಿಡಿದು ನನಗೆ ತಿಳಿಸಿದಳು.

ಅವಳ ತಾಯಿ ಮಲ್ಲಿಗೆ ಬೆಳೆಯುತ್ತಾಳೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವಿನ ಸಂಖ್ಯೆ ಕೊಟ್ಟರೆ ಎಷ್ಟು ಅಟ್ಟೆ, ಎಷ್ಟು ಚೆಂಡು, ಉಳಿದುದೆಷ್ಟು ಎಂದು ಹೇಳುವ ಪ್ರೋಗ್ರಾಮನ್ನು ಮಗಳು ಮೊನ್ನೆ ಬರೆದಳು. ಒಳಗೆ 'ಹೂವು', 'ಚೆಂಡು', 'ಅಟ್ಟೆ' ಎಂದೇ ಹೆಸರುಗಳು. ತಾಯಿ ಬೆರಳು ಮಡಚಿ ಲೆಕ್ಕ ತಾಳೆ ನೋಡಿದಳು. ಸರಿಯಾಗಿತ್ತು. "ಮಳೆಗಾಲದಲ್ಲಿ ಹೂವೇ ಇಲ್ಲದ ದಿನ ಇದು ಏನು ಹೇಳುತ್ತದೆ?" ಎಂದು ಕೇಳಿದಳು. ಮಗಳು ಸೊನ್ನೆ ಒತ್ತಿದಳು. ಸೊನ್ನೆ ಅಟ್ಟೆ, ಸೊನ್ನೆ ಚೆಂಡು ಎಂದು ಬಂತು.

"ಇಷ್ಟು ಹೇಳಲಿಕ್ಕೆ ಯಂತ್ರ ಬೇಕಾ?" ಎನ್ನುತ್ತ ಅವಳು ಒಳಗೆ ಹೋದಳು. ಮಗಳಾಗಲೇ ಮುಂದಿನ ಅಧ್ಯಾಯವನ್ನು ತೆರೆದಿದ್ದಳು.