ಕರೆಂಟ್ ಉಳಿಸುವ ಪೆಟ್ಟಿಗೆಗಳು: ನಂಬಿಕೆ ಎಷ್ಟು, ನಿಜ ಎಷ್ಟು?

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿಯಲ್ಲಿ ಬೇಸಾಯ ಎಂದರೆ ಒಂದೋ ಮಳೆ ನಂಬಿದ ಶೇಂಗಾ, ಇಲ್ಲವೇ ಬೋರ್ ನಂಬಿದ ತೋಟ. ಬೋರ್ ಎಂದಮೇಲೆ ಮೋಟಾರ್, ಸ್ಟಾರ್ಟರ್, ಟಿ.ಸಿ., ತ್ರೀ ಫೇಸ್ ಬರುವ ಹೊತ್ತು ಎಲ್ಲವೂ ದಿನನಿತ್ಯದ ಮಾತು. ಈಗ ಅದಕ್ಕೆ ಮೋಟಾರಿನ ವೇಗ ಬದಲಿಸುವ ವಿ.ಎಫ್.ಡಿ., ಸೋಲಾರ್ ಕಂಟ್ರೋಲರ್, ಬಿ.ಎಲ್.ಡಿ.ಸಿ. ಫ್ಯಾನ್, ‘ಪವರ್ ಸೇವರ್’ ಸೇರಿಕೊಂಡಿವೆ. ಇವುಗಳಲ್ಲಿ ಹೆಚ್ಚಿನವುಗಳ ಹಿಂದಿರುವ ವಿದ್ಯೆ ಪವರ್ ಎಲೆಕ್ಟ್ರಾನಿಕ್ಸ್. ಸಿಕ್ಕ ವಿದ್ಯುತ್ತನ್ನು ಬೇಕಾದ ವೋಲ್ಟೇಜಿಗೆ, ಬೇಕಾದ ಫ್ರೀಕ್ವೆನ್ಸಿಗೆ, ಎ.ಸಿ.ಯಿಂದ ಡಿ.ಸಿ.ಗೋ ಡಿ.ಸಿ.ಯಿಂದ ಎ.ಸಿ.ಗೋ ಆದಷ್ಟು ಕಡಿಮೆ ನಷ್ಟದಲ್ಲಿ ಬದಲಿಸುವುದು ಅದರ ಕೆಲಸ. ಬದಲಿಸಬಲ್ಲದು, ಹುಟ್ಟಿಸಲಾರದು. ಆದ್ದರಿಂದ ಯಾವುದೇ ಪೆಟ್ಟಿಗೆ ‘ಉಳಿತಾಯ’ ಎಂದಾಗ ಕೇಳಬೇಕಾದದ್ದು ಒಂದೇ: ಮೊದಲು ನಷ್ಟ ಎಲ್ಲಿ ಆಗುತ್ತಿತ್ತು?

ತಪ್ಪು ಕಲ್ಪನೆ 1: ಪ್ಲಗ್ಗಿಗೆ ಸಿಕ್ಕಿಸುವ ‘ಪವರ್ ಸೇವರ್’ ಬಿಲ್ಲನ್ನು ಅರ್ಧಕ್ಕಿಳಿಸುತ್ತದೆ.

ಸತ್ಯ: ಇಂಥ ಪೆಟ್ಟಿಗೆ ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಒಂದು ಕೆಪಾಸಿಟರ್, ಒಂದು ಎಲ್.ಇ.ಡಿ. ದೀಪ. ಮೋಟಾರ್ ತನ್ನ ಕಾಂತಕ್ಷೇತ್ರಕ್ಕಾಗಿ ಎಳೆದುಕೊಳ್ಳುವ ಕರೆಂಟಿನ ಒಂದು ಪಾಲು ಖಾಲಿ ಲಾಳಿಯ ಹಾಗೆ: ಅತ್ತಿತ್ತ ಓಡಾಡುತ್ತದೆ, ಹೊಕ್ಕು ನೂಲು ಮಾತ್ರ ಬೀಳುವುದಿಲ್ಲ. ಕೆಪಾಸಿಟರ್ ಆ ಓಡಾಟವನ್ನು ಲೈನಿನಿಂದ ತಪ್ಪಿಸಿ ತನ್ನ ಬಳಿಯೇ ಮುಗಿಸುತ್ತದೆ. ಆದರೆ ಮನೆಯ ಮೀಟರ್ ಲೆಕ್ಕ ಹಾಕುವುದು ಯೂನಿಟ್ಟನ್ನು, ಅಂದರೆ ನಿಜವಾಗಿ ಖರ್ಚಾದ ಶಕ್ತಿಯನ್ನು. ಖಾಲಿ ಓಡಾಟಕ್ಕೆ ಅಲ್ಲಿ ಮೊದಲೇ ದರವಿಲ್ಲ, ಹಾಗಾಗಿ ಉಳಿಯುವುದೂ ಇಲ್ಲ.

ಅದೇ ಕೆಪಾಸಿಟರ್ ಹೊಲದ ಪಂಪ್‌ಸೆಟ್ಟಿಗೆ ಸರಿಯಾದ ಅಳತೆಯಲ್ಲಿ ಕೂತರೆ ಮಾತು ಬೇರೆ. ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬೀಳುವ ಪಾಲು ಎಷ್ಟೆಂದು ಹೇಳುವ ಪವರ್ ಫ್ಯಾಕ್ಟರ್ 0.8ರಿಂದ 0.95ಕ್ಕೆ ಏರಿದರೆ ಲೈನಿನಲ್ಲಿ ಹರಿಯುವ ಕರೆಂಟ್ ಸುಮಾರು ಶೇ 16ರಷ್ಟು ಇಳಿಯುತ್ತದೆ. ತಂತಿ ಕಾದು ಪೋಲಾಗುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಆ ಪಂಪ್‌ಸೆಟ್ಟಿನ ಪಾಲಿನ ನಷ್ಟ ಶೇ 29ರಷ್ಟು ತಗ್ಗುತ್ತದೆ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ವಿದ್ಯುತ್ ಉಚಿತ. ಹಾಗಾಗಿ ರೈತನಿಗೆ ಇದರ ಲಾಭ ಬಿಲ್ಲಿನಲ್ಲಿ ಕಾಣದು. ಲೈನಿನ ಕೊನೆಯಲ್ಲಿರುವ ಮೋಟಾರಿಗೆ ವೋಲ್ಟೇಜ್ ಸಿಗುವುದರಲ್ಲಿ, ಟಿ.ಸಿ. ಮೇಲಿನ ಹೊರೆ ಇಳಿಯುವುದರಲ್ಲಿ ಕಾಣುತ್ತದೆ.

ತಪ್ಪು ಕಲ್ಪನೆ 2: ವಿ.ಎಫ್.ಡಿ. ಹಾಕಿ ಪಂಪಿನ ವೇಗ ಇಳಿಸಿದರೆ ಕರೆಂಟ್ ಅರ್ಧ ಉಳಿಯುತ್ತದೆ.

ಸತ್ಯ: ಮಾರಾಟಗಾರರು ಹೇಳುವ ಲೆಕ್ಕ ಸುಳ್ಳಲ್ಲ, ಜಾಗ ತಪ್ಪು. ವೇಗವನ್ನು ಶೇ 80ಕ್ಕೆ ಇಳಿಸಿದರೆ ಪಂಪಿಗೆ ಬೇಕಾದ ಶಕ್ತಿ ಶೇ 51ಕ್ಕೆ ಬೀಳುತ್ತದೆ. ವೇಗದ ಘನಕ್ಕೆ ತಕ್ಕಂತೆ ಶಕ್ತಿ ಎಂಬ ಈ ನಿಯಮ ದೊಡ್ಡ ಫ್ಯಾನುಗಳಿಗೆ, ಕಟ್ಟಡಗಳಲ್ಲಿ ನೀರು ಸುತ್ತಿಸುವ ಪಂಪುಗಳಿಗೆ ಚೆನ್ನಾಗಿ ಒಪ್ಪುತ್ತದೆ. ಆಳದ ಬೋರಿನಲ್ಲಿ ಇನ್ನೊಂದು ನಿಯಮ ಅಡ್ಡ ಬರುತ್ತದೆ: ಪಂಪ್ ನೀರನ್ನು ಎಷ್ಟು ಎತ್ತರಕ್ಕೆ ನೂಕಬಲ್ಲದು ಎಂಬುದು ವೇಗದ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ.

ಒಂದು ಲೆಕ್ಕ ನೋಡಿ. ಪೂರ್ಣ ವೇಗದಲ್ಲಿ, ಅಂದರೆ 50 ಹರ್ಟ್ಸ್‌ನಲ್ಲಿ, 800 ಅಡಿವರೆಗೆ ನೂಕಬಲ್ಲ ಪಂಪ್ ಇದೆ. ನೀರು ಇರುವುದು 560 ಅಡಿ ಆಳದಲ್ಲಿ. 40 ಹರ್ಟ್ಸ್‌ಗೆ ಇಳಿಸಿದರೆ ಅದು ನೂಕಬಲ್ಲ ಎತ್ತರ 512 ಅಡಿ ಮಾತ್ರ. ಮೋಟಾರ್ ತಿರುಗುತ್ತದೆ, ಕರೆಂಟ್ ಎಳೆಯುತ್ತದೆ, ನೀರು ಮಾತ್ರ ಪೈಪಿನ ನಡುವೆಯೇ ನಿಲ್ಲುತ್ತದೆ. ಸುಮಾರು 42 ಹರ್ಟ್ಸ್‌ ದಾಟುವ ತನಕ ಒಂದು ಹನಿಯೂ ಮೇಲೆ ಬಾರದು. ಸಬ್‌ಮರ್ಸಿಬಲ್ ಮೋಟಾರ್ ತಣ್ಣಗಿರುವುದೇ ಪಕ್ಕದಲ್ಲಿ ಹರಿಯುವ ನೀರಿನಿಂದ. ಹರಿವು ನಿಂತರೆ ವೈಂಡಿಂಗ್ ಸುಡುವ ದಾರಿ ಹಿಡಿಯುತ್ತದೆ.

ಹಾಗಾದರೆ ಬೋರಿಗೆ ವಿ.ಎಫ್.ಡಿ. ದಂಡವೇ? ಇಲ್ಲ. ಮೋಟಾರನ್ನು ನೇರವಾಗಿ ಚಾಲೂ ಮಾಡಿದರೆ ಮೊದಲ ಕ್ಷಣ ಆರೇಳು ಪಟ್ಟು ಕರೆಂಟ್ ನುಗ್ಗುತ್ತದೆ. ವಿ.ಎಫ್.ಡಿ. ವೇಗವನ್ನು ಮೆಲ್ಲಗೆ ಏರಿಸಿ ಆ ಹೊಡೆತ ತಪ್ಪಿಸುತ್ತದೆ. ಸೋಲಾರ್ ಫಲಕದಿಂದ ತ್ರೀ ಫೇಸ್ ಮೋಟಾರ್ ಓಡಿಸಬೇಕೆಂದರಂತೂ ಅದಿಲ್ಲದೆ ಆಗದು.

ತಪ್ಪು ಕಲ್ಪನೆ 3: ನಮ್ಮ ಸೀಮೆಯ ಬಿಸಿಲು ಜಾಸ್ತಿ, ಬೇಸಿಗೆ ಏರಿದಷ್ಟೂ ಸೋಲಾರ್ ಹೆಚ್ಚು ಕೊಡುತ್ತದೆ.

ಸತ್ಯ: ಫಲಕಕ್ಕೆ ಬೇಕಾದದ್ದು ಬೆಳಕು. ಕಾವು ಅದಕ್ಕೆ ಶತ್ರು. ಫಲಕದ ಮೇಲೆ ಬರೆದ ವ್ಯಾಟ್ ಅದರ ಕೋಶಗಳು 25 ಡಿಗ್ರಿ ಸೆಲ್ಸಿಯಸ್ ಇದ್ದಾಗಿನದು. ಅದಕ್ಕಿಂತ ಪ್ರತಿ ಡಿಗ್ರಿ ಏರಿದಂತೆ ಸಿಲಿಕಾನ್ ಫಲಕ ಶೇ 0.3ರಿಂದ 0.45ರಷ್ಟು ಕಳೆದುಕೊಳ್ಳುತ್ತದೆ. ಮಧ್ಯಾಹ್ನ ಕೋಶಗಳು 65 ಡಿಗ್ರಿಗೆ ಕಾದರೆ, 0.35ರ ಲೆಕ್ಕದಲ್ಲೂ 540 ವ್ಯಾಟ್‌ನ ಫಲಕ ಕೊಡುವುದು ಸುಮಾರು 465 ವ್ಯಾಟ್. ಅದಕ್ಕೇ ಫಲಕದ ಕೆಳಗೆ ಗಾಳಿಯಾಡಲು ಜಾಗ ಬಿಡುವುದು.

ಬಿಸಿಲು, ಮೋಡ, ಕಾವು ಬದಲಾದಂತೆ ಫಲಕ ಅತಿ ಹೆಚ್ಚು ಶಕ್ತಿ ಕೊಡುವ ವೋಲ್ಟೇಜೂ ಬದಲಾಗುತ್ತದೆ. ಕಂಟ್ರೋಲರಿನ ಒಂದು ಜಾಣ ಕೆಲಸ ಇಲ್ಲಿದೆ. ಅದು ವೋಲ್ಟೇಜನ್ನು ಒಂದಿಷ್ಟು ಸರಿಸಿ ಶಕ್ತಿ ಏರಿತೇ ಎಂದು ನೋಡುತ್ತದೆ. ಏರಿದರೆ ಅದೇ ದಿಕ್ಕಿಗೆ ಇನ್ನಷ್ಟು ಸರಿಸುತ್ತದೆ, ಇಳಿದರೆ ಹಿಂದಕ್ಕೆ ಬರುತ್ತದೆ. ದಿನವಿಡೀ ಇದೇ ಹುಡುಕಾಟ. ಚಳ್ಳಕೆರೆಯ ನೆರೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನ ಇನ್ವರ್ಟರ್‌ಗಳು ಮಾಡುವುದೂ ಮೂಲದಲ್ಲಿ ಇದನ್ನೇ.

ತಪ್ಪು ಕಲ್ಪನೆ 4: ತೂಕವಿದ್ದರೆ ಗಟ್ಟಿ, ಹಗುರ ಚಾರ್ಜರ್, ಹೆಗಲಿಗೆ ಹಾಕಿಕೊಳ್ಳುವ ವೆಲ್ಡಿಂಗ್ ಮಷಿನ್ ಡೂಪ್ಲಿಕೇಟ್.

ಸತ್ಯ: ಹಳೆಯ ವೆಲ್ಡಿಂಗ್ ಮಷಿನ್ನಿನ ತೂಕವೆಲ್ಲ ಟ್ರಾನ್ಸ್‌ಫಾರ್ಮರಿನ ಕಬ್ಬಿಣ, ತಾಮ್ರದ್ದು. 50 ಹರ್ಟ್ಸ್‌ನಲ್ಲಿ ಕೆಲಸ ಮಾಡಲು ಅಷ್ಟು ಬೇಕೇ ಬೇಕು. ಹೊಸದರಲ್ಲಿ ಟ್ರಾನ್ಸಿಸ್ಟರ್‌ಗಳು ಮೊದಲು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಕೊಡುತ್ತವೆ. ಆ ವೇಗಕ್ಕೆ ಅಂಗೈಯಗಲದ ಟ್ರಾನ್ಸ್‌ಫಾರ್ಮರ್ ಸಾಕು. ಸ್ವಿಚ್ ಪೂರ್ತಿ ಆನ್ ಇದ್ದರೆ ಅದರ ಮೇಲೆ ವೋಲ್ಟೇಜ್ ಇಲ್ಲವೆನ್ನುವಷ್ಟು ಕಡಿಮೆ, ಆಫ್ ಇದ್ದರೆ ಕರೆಂಟೇ ಇಲ್ಲ. ನಷ್ಟದ ದೊಡ್ಡ ಪಾಲು ಎರಡರ ನಡುವಿನ ಕ್ಷಣದಲ್ಲಿ. ಆ ಕ್ಷಣವನ್ನು ಕಿರಿದು ಮಾಡುವುದೇ ಈ ಕ್ಷೇತ್ರದ ಸಂಶೋಧನೆಯ ಒಂದು ಮುಖ್ಯ ದಾರಿ. ಸಿಲಿಕಾನಿಗಿಂತ ಚುರುಕಾದ ಗ್ಯಾಲಿಯಂ ನೈಟ್ರೈಡ್ ಬಂದದ್ದು ಅದಕ್ಕೇ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೂ ಕ್ಯಾಂಪಸ್ ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಬೆಂಗಳೂರಿನ ಸಂಶೋಧಕರು 600 ವೋಲ್ಟ್‌ನಲ್ಲಿ 4 ಆಂಪಿಯರ್‌ವರೆಗೆ ನಿಭಾಯಿಸುವ ಇಂಥ ಟ್ರಾನ್ಸಿಸ್ಟರನ್ನು ರೂಪಿಸಿದ್ದಾರೆ.

ಹಗುರವೆಲ್ಲ ಒಳ್ಳೆಯದೆಂದಲ್ಲ, ನಕಲಿ ಮಾಲೂ ಇದೆ. ಆದರೆ ಪರೀಕ್ಷೆಗೆ ತಕ್ಕಡಿ ಸಾಲದು, ಐ.ಎಸ್.ಐ. ಅಥವಾ ಬಿ.ಐ.ಎಸ್. ಗುರುತು ನೋಡಬೇಕು.

ತಪ್ಪು ಕಲ್ಪನೆ 5: ಮನೆಯಲ್ಲಿ ಯು.ಪಿ.ಎಸ್. ಇದ್ದರೆ ಕರೆಂಟ್ ಖರ್ಚು ಕಡಿಮೆ.

ಸತ್ಯ: ಹೆಚ್ಚು. ಎ.ಸಿ.ಯನ್ನು ಡಿ.ಸಿ. ಮಾಡಿ ಬ್ಯಾಟರಿ ತುಂಬುವಾಗ ಒಂದು ನಷ್ಟ, ಲೆಡ್ ಆಸಿಡ್ ಬ್ಯಾಟರಿಯೊಳಗೆ ಒಂದು, ಮತ್ತೆ ಎ.ಸಿ. ಮಾಡುವಾಗ ಇನ್ನೊಂದು. ನೂರು ಯೂನಿಟ್ ಒಳಗೆ ಹೋದರೆ ಅರವತ್ತು ಎಪ್ಪತ್ತು ಹಿಂದೆ ಬಂದರೆ ಅದೇ ಪುಣ್ಯ. ಯು.ಪಿ.ಎಸ್. ಕೊಡುವುದು ಕತ್ತಲಲ್ಲಿ ಬೆಳಕನ್ನು. ಅದಕ್ಕೆ ತೆರುವ ಬೆಲೆ ಇದು. ಅಗ್ಗದ ಸ್ಕ್ವೇರ್ ವೇವ್ ಮಾದರಿಯಲ್ಲಿ ಫ್ಯಾನ್ ಗುಂಯ್‌ಗುಡುವುದು, ಬಿಸಿಯಾಗುವುದು ಕೂಡ ನಷ್ಟವೇ.

ತಪ್ಪು ಕಲ್ಪನೆ 6: ಡಿ.ಸಿ. ಹಳೇ ಕಾಲದ್ದು, ದೂರ ಸಾಗದು.

ಸತ್ಯ: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಹರಿದಾಗ ಎ.ಸಿ.ಯೇ ಸರಿಯಾದ ಆಯ್ಕೆಯಾಗಿತ್ತು. ಟ್ರಾನ್ಸ್‌ಫಾರ್ಮರಿನಿಂದ ವೋಲ್ಟೇಜ್ ಏರಿಸಿ ಇಳಿಸುವ ಸುಲಭ ದಾರಿ ಎ.ಸಿ.ಗೆ ಮಾತ್ರ ಇತ್ತು. ಭಾರಿ ವೋಲ್ಟೇಜ್ ತಡೆದು ಎ.ಸಿ.ಯನ್ನು ಡಿ.ಸಿ.ಗೆ, ಡಿ.ಸಿ.ಯನ್ನು ಎ.ಸಿ.ಗೆ ಬದಲಿಸಬಲ್ಲ ಥೈರಿಸ್ಟರ್ ಸ್ವಿಚ್‌ಗಳು ಬಂದಮೇಲೆ ಲೆಕ್ಕ ಬದಲಾಯಿತು. ಅದೇ ಕೋಲಾರಕ್ಕೆ 2003ರಿಂದ ಒಡಿಶಾದ ತಾಲ್ಚೇರಿನಿಂದ 1,300 ಕಿ.ಮೀ.ಗೂ ಹೆಚ್ಚು ದೂರ, ಧನ ಋಣ 500 ಕಿಲೋವೋಲ್ಟ್‌ನಲ್ಲಿ, ವಿದ್ಯುತ್ ಬರುತ್ತಿರುವುದು ಡಿ.ಸಿ. ರೂಪದಲ್ಲಿ. ಮನೆಯೊಳಗೂ ಎಲ್.ಇ.ಡಿ. ಬಲ್ಬ್, ಮೊಬೈಲ್, ಬಿ.ಎಲ್.ಡಿ.ಸಿ. ಫ್ಯಾನ್ ಎಲ್ಲ ಎ.ಸಿ. ಪಡೆದು ಮೊದಲು ಡಿ.ಸಿ. ಮಾಡಿಕೊಂಡೇ ಕೆಲಸ ಶುರು ಮಾಡುತ್ತವೆ.

ನಿಮ್ಮ ಮೀಟರಿನಲ್ಲೇ ಪರೀಕ್ಷಿಸಿ

ಹೊಸ ಸಾಮಾನಿನ ಮಾತು ನಿಜವೋ ಸುಳ್ಳೋ ತಿಳಿಯಲು ಗೋಡೆಯ ಮೇಲಿನ ಎಲೆಕ್ಟ್ರಾನಿಕ್ ಮೀಟರೇ ಸಾಕು. ಅದರಲ್ಲಿ ಮಿಣುಕುವ ಕೆಂಪು ದೀಪವಿದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಪಕ್ಕದಲ್ಲೇ ಬರೆದಿರುತ್ತದೆ. 3,200 ಎಂದಿದ್ದರೆ, ಉಳಿದುದೆಲ್ಲ ಆಫ್ ಮಾಡಿ 75 ವ್ಯಾಟ್‌ನ ಹಳೆ ಫ್ಯಾನ್ ಒಂದನ್ನೇ ಹಾಕಿದಾಗ ಹತ್ತು ನಿಮಿಷಕ್ಕೆ 40 ಮಿಣುಕು. 30 ವ್ಯಾಟ್‌ನ ಬಿ.ಎಲ್.ಡಿ.ಸಿ. ಫ್ಯಾನಿಗೆ 16. ಪವರ್ ಸೇವರನ್ನೂ ಹೀಗೇ ಹಾಕಿ, ತೆಗೆದು ಎಣಿಸಿ ನೋಡಿ. ಎಣಿಕೆ ಇಳಿದರೆ ಉಳಿತಾಯ ನಿಜ. ಇಳಿಯದಿದ್ದರೆ ರಸೀದಿ ಹಿಡಿದು ಅಂಗಡಿಗೆ ಹೋಗಿ.