ಹೆಜ್ಜೆಯ ಲೆಕ್ಕ: ಹಾಸನದಲ್ಲಿ ಓದಿದ ಪ್ರಾಧ್ಯಾಪಕರ ವಿದ್ಯೆ, ನಮ್ಮ ಕಣದ ಕೆಲಸ

ಬೇಲೂರಿನ ಕಡೆಯ ತೋಟದಿಂದ ಹೊರಟ ಕಾಫಿ ಮೂಟೆಯಾಗಲಿ, ಅರಸೀಕೆರೆಯ ಕಡೆಯ ಅಡಿಕೆ ಚೀಲವಾಗಲಿ, ಕೊಳ್ಳುವವನ ಕೈ ಸೇರುವ ಮೊದಲು ಎಷ್ಟು ಸಲ ಏರಿ ಇಳಿಯುತ್ತದೆ ಎಂದು ನಾವು ಎಣಿಸಿದ್ದೇವೆಯೆ? ಎತ್ತಿ ಇಳಿಸಿದಷ್ಟು ಸಲವೂ ಕೂಲಿ ಕೊಡುವವರು ನಾವೇ.

ಈ ಎಣಿಕೆಯನ್ನೇ ಜೀವಮಾನದ ವಿದ್ಯೆಯಾಗಿ ಮಾಡಿಕೊಂಡವರು ಪ್ರೊ. ಸುಂದರೇಶ್ ಹೆರಗು. 1960ರಲ್ಲಿ ಆರಂಭವಾದ ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪದವಿ ಪಡೆದು, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಮಾಡಿದರು. ಮುಂದೆ ಅಮೆರಿಕದ ರೆನ್ಸೆಲೇರ್ ಮತ್ತು ಲೂಯಿವಿಲ್ ಸಂಸ್ಥೆಗಳಲ್ಲಿ ಪ್ರಾಧ್ಯಾಪಕರಾಗಿ, ಓಕ್ಲಹೋಮ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ವಿಭಾಗದ ಮುಖ್ಯಸ್ಥರಾಗಿ ದುಡಿದರು. ಕಾರ್ಖಾನೆಯಲ್ಲಿ ಯಂತ್ರಗಳನ್ನು ಎಲ್ಲೆಲ್ಲಿ ಇಡಬೇಕು, ಗೋದಾಮು ಹೇಗಿರಬೇಕು, ಸರಕು ಹೇಗೆ ಸಾಗಬೇಕು ಎಂಬುದು ಅವರ ಸಂಶೋಧನೆ. 1997ರಲ್ಲಿ ಹೊರಬಂದ ಅವರ ‘ಫೆಸಿಲಿಟೀಸ್ ಡಿಸೈನ್’ ಎಂಬ ಪಠ್ಯ 2016ರಲ್ಲಿ ನಾಲ್ಕನೆಯ ಮುದ್ರಣ ಕಂಡಿತು.

ಈ ಶಾಸ್ತ್ರದ ಮೂಲಸೂತ್ರ ಸರಳ: ಎಷ್ಟು ಸಲ ಹೊರುತ್ತೇವೆ, ಎಷ್ಟು ದೂರ ಹೊರುತ್ತೇವೆ, ಎರಡನ್ನೂ ಗುಣಿಸಿರಿ. ಎಲ್ಲಿ ಓಡಾಟ ಹೆಚ್ಚೋ ಅಲ್ಲಿ ದೂರ ಕಡಿಮೆಯಿರಬೇಕು.

ನಮ್ಮ ಮನೆಯಂಗಳಕ್ಕೇ ಇದನ್ನು ಹಚ್ಚಿ ನೋಡೋಣ. ಅಡಿಕೆ ಬೇಯಿಸುವ ಒಲೆಯಿಂದ ಕಣಕ್ಕೆ 150 ಅಡಿ, ದಿನಕ್ಕೆ 40 ಬುಟ್ಟಿ ಎಂದಿಟ್ಟುಕೊಳ್ಳಿ. ಒಲೆಯನ್ನು 60 ಅಡಿ ದೂರಕ್ಕೆ ತಂದರೆ, ಹೋಗಿಬರುವುದರಲ್ಲಿ ಬುಟ್ಟಿಗೆ 180 ಅಡಿ ಉಳಿತಾಯ. ದಿನಕ್ಕೆ 7,200 ಅಡಿ, ಅಂದರೆ ಸುಮಾರು 2.2 ಕಿಲೋಮೀಟರ್. 30 ದಿನಕ್ಕೆ 66 ಕಿಲೋಮೀಟರ್ ನಡಿಗೆ ತಪ್ಪಿತು. ಆಳು ಸಿಗದ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಎಲ್ಲವನ್ನೂ ಕದಲಿಸಲಾಗದು, ನಿಜ. ಕಣಕ್ಕೆ ಬಿಸಿಲು ಬೇಕು, ಪಲ್ಪರಿಗೆ ನೀರು ಬೇಕು. ಆದರೆ ತೂಕದ ಜಾಗ, ಒಲೆ, ಉಗ್ರಾಣದ ಬಾಗಿಲು ನಮ್ಮ ಇಷ್ಟಕ್ಕೆ ಸೇರಿದ್ದು. ಕೊಯ್ದ ಹಣ್ಣು ರಾಶಿಯಲ್ಲೇ ಬಿಸಿಯೇರಿ ಕೆಡದಂತೆ ಅಂದೇ ಪಲ್ಪರ್ ಸೇರಬೇಕಾದ ಕಾಫಿಗೆ ಉಳಿದ ಹೊತ್ತೂ ಲಾಭವೇ.

1996ರಲ್ಲಿ ಕಾಫಿಗೆ ಪೂರ್ಣ ಮಾರಾಟ ಸ್ವಾತಂತ್ರ್ಯ ಬಂದ ಮೇಲೆ ಮಾರುವ ಹೊಣೆ ನಮ್ಮದಾಯಿತು. ಬೆಲೆ ಮಾತ್ರ ನಮ್ಮ ಹಿಡಿತಕ್ಕೆ ಬರಲಿಲ್ಲ. ಅಂಗಳದ ದೂರ ನಮ್ಮ ಹಿಡಿತದಲ್ಲಿದೆ. ಈ ಸಲದ ಕೊಯ್ಲಿಗೆ ಮೊದಲು ಒಂದು ಸಂಜೆ ಮನೆಯವರೆಲ್ಲ ಸೇರಿ ಹೆಜ್ಜೆ ಹಾಕಿ ಅಳೆದು ನೋಡಿರಿ. ಬುಟ್ಟಿ ಹೊರುವವರನ್ನೂ ಕೇಳಿರಿ. ದೂರ ಎಷ್ಟೆಂದು ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತು.